ಗುಡ್ಡ ನೋಡಲು ಹೊರಟ ಏಕನಾಥಮ್ಮ

ಹಿರೇಗುಂಟನೂರಿನಲ್ಲಿ ಬೆಳಗಿನ ಬಸ್ಸಿಗೆ ಯಾರಾದರೂ ಬುತ್ತಿ ಕಟ್ಟಿಕೊಂಡು ನಿಂತಿದ್ದರೆ ಅವರಿಗೆ ಏನೋ ಒಂದು ಕೆಲಸ ಇದ್ದೇ ಇರುತ್ತದೆ. ತಾಲ್ಲೂಕು ಆಫೀಸು, ಆಸ್ಪತ್ರೆ, ನೆಂಟರ ಮದುವೆ, ಯಾರದೋ ಮಣ್ಣು, ಹರಕೆ. ಇದ್ಯಾವುದೂ ಇಲ್ಲದೆ ಸುಮ್ಮನೆ ಗುಡ್ಡ ನೋಡಿಕೊಂಡು ಬರುತ್ತೇನೆಂದು ಆ ಬಸ್ಸು ಹತ್ತಿದ ಮೊದಲ ಹೆಂಗಸು ಕುರಿ ಕರಿಸಿದ್ದಪ್ಪನ ಹೆಂಡತಿ ಏಕನಾಥಮ್ಮ. ಆವತ್ತು ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕುಳಿತಿದ್ದವರು ಎಲ್ಲಿಗೆ ಎಂದು ಕೇಳಿದಾಗ ಆಕೆ ನಿಜವನ್ನೇ ಹೇಳಿದಳು. ಅವರು ನಂಬಲಿಲ್ಲ. ಮನೆಯಲ್ಲಿ ಸೊಸೆಯ ಜೊತೆ ಜಗಳವಾಗಿರಬೇಕು ಎಂದುಕೊಂಡರು.

ಜಗಳವಾಗಿರಲಿಲ್ಲ. ಬುತ್ತಿ ಕಟ್ಟಿಕೊಟ್ಟವಳೇ ಸೊಸೆ ರೋಜಾ.

ಏಕನಾಥಮ್ಮ ಮದುವೆಯಾಗಿ ಬಂದದ್ದು ಕುರಿಯ ಹಿಂದೆ ನಡೆಯುವ ಮನೆಗೆ. ಬೇಸಿಗೆ ಕಾಲಿಟ್ಟು ಊರ ಸುತ್ತಲಿನ ಹುಲ್ಲು ಒಣಗಿತೆಂದರೆ ಗಂಡ ಹೆಂಡತಿ ಮಂದೆ ಹೊಡೆದುಕೊಂಡು ಹೊಳಲ್ಕೆರೆ ದಾಟಿ ಹೊಸದುರ್ಗದ ಕಡೆಗೆ, ಅಲ್ಲಿಂದ ಮಾರಿಕಣಿವೆ ಅಣೆಕಟ್ಟೆಯ ಹಿನ್ನೀರಿನ ಅಂಚಿಗೆ ಇಳಿಯುತ್ತಿದ್ದರು. ಕತ್ತೆಯ ಮೇಲೆ ಪಾತ್ರೆ, ಕಂಬಳಿ, ಆಗತಾನೇ ಹುಟ್ಟಿದ ಮರಿಗಳು. ಆ ದಾರಿಯ ಒಂದೊಂದು ಗುಡ್ಡವೂ ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿದ್ದ ಬಗೆಯೇ ಬೇರೆ. ಈ ಗುಡ್ಡದ ಬುಡದಲ್ಲಿ ನೀರು ಸಿಗುತ್ತದೆ, ಆ ಗುಡ್ಡದ ಸಂದಿಯಲ್ಲಿ ತೋಳದ ಕಾಟ, ಆಚೆಯ ಇಳಿಜಾರಿನ ಹೊಲದವರು ಒಳ್ಳೆಯ ಮಂದಿ, ಮಂದೆ ನಿಲ್ಲಿಸಿದರೆ ಒಂದು ಮಾತು ಆಡುವುದಿಲ್ಲ. ಇಷ್ಟೇ. ಗುಡ್ಡ ಹೇಗಿದೆ ಎಂದು ತಲೆಯೆತ್ತಿ ನಿಂತು ನೋಡಿದ್ದು ನೆನಪಿಲ್ಲ. ಹಗಲೆಲ್ಲ ಕಣ್ಣು ಕುರಿಗಳ ಮೇಲೆ, ಸಂಜೆಯಾದರೆ ಮೂರು ಕಲ್ಲಿನ ಒಲೆಯ ಮೇಲೆ.

ವಯಸ್ಸಾಯಿತು. ಮಗ ಮಾರುತೇಶ್ ಕುರಿಯ ಸಹವಾಸ ಬೇಡವೆಂದು ಊರಲ್ಲೇ ಟ್ರ್ಯಾಕ್ಟರ್ ರಿಪೇರಿ ಹಿಡಿದ. ದೊಡ್ಡ ಮಂದೆ ಕರಗಿ, ಕರಿಸಿದ್ದಪ್ಪ ಊರ ಹತ್ತಿರದ ಬೀಳಿನಲ್ಲೇ ಮೇಯಿಸಿಕೊಂಡು ಬರುವಷ್ಟು ಕುರಿಗಳು ಉಳಿದವು. ಏಕನಾಥಮ್ಮ ಮನೆಯಲ್ಲಿ ನಿಂತಳು. ಹಾಗೆ ನಿಂತ ಮೇಲೆ ಅವಳ ಕಣ್ಣಿಗೆ ಮಬ್ಬು ಕವಿಯತೊಡಗಿತು. ಯಾರೋ ಮುಖದ ಮುಂದೆ ತೆಳ್ಳನೆಯ ಪಂಚೆ ಅಡ್ಡ ಹಿಡಿದಿದ್ದಾರೆ ಅನ್ನಿಸುವಂಥ ಮಬ್ಬು. ಇದು ವಯಸ್ಸಿನ ಗುಣ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಮೊಮ್ಮಗಳು ಅಂಜಲಿ ತನ್ನ ಚಿತ್ರ ತಂದು ತೋರಿಸಿದರೆ, ನೋಡ್ದೆ ನೋಡ್ದೆ, ಚೆನ್ನಾಗಿದೆ ಎಂದು ಹೇಳಿ ಕಳಿಸುವಳು. ಅಕ್ಕಿ ಆರಿಸುವುದು ಬೆರಳಿನ ಅಂದಾಜಿನಲ್ಲಿ. ಊಟದಲ್ಲಿ ಕಲ್ಲು ಸಿಕ್ಕಾಗಲೆಲ್ಲ ರೋಜಾ ಮಾತಿಲ್ಲದೆ ಅದನ್ನು ತಟ್ಟೆಯ ಅಂಚಿಗೆ ಇಡುತ್ತಿದ್ದಳು. ಕೆಲವು ದಿನ ಹೀಗೇ ನೋಡಿ, ಚಿತ್ರದುರ್ಗದಲ್ಲಿ ಕಣ್ಣಿನ ಕ್ಯಾಂಪ್ ಇದೆ ಎಂದು ತಿಳಿದದ್ದೇ ತಡ, ಅತ್ತೆಯ ಕೈ ಹಿಡಿದು ಬಸ್ಸು ಹತ್ತಿಸಿದಳು. ದಾರಿಯುದ್ದಕ್ಕೂ ಏಕನಾಥಮ್ಮ ಬೈದುಕೊಂಡೇ ಹೋದಳು. ಎರಡು ಕಣ್ಣಿಗೂ ಪೊರೆ ಬೆಳೆದಿದೆ, ಒಂದಾದ ಮೇಲೆ ಒಂದು ತೆಗೆದರೆ ಸರಿಹೋಗುತ್ತದೆ ಎಂದರು ಡಾಕ್ಟರಮ್ಮ.

ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿ ಇದ್ದವಳು ಪ್ಯಾರಿ ಬೀ. ಕೋಟೆಯ ಕೆಳಗಿನ ಓಣಿಯವಳು. ಅವಳ ಮನೆತನದವರು ತಲೆಮಾರುಗಳಿಂದ ಅಲ್ಲೇ ಹಾಸಿಗೆ, ದಿಂಬು ಹೊಲಿಯುವವರು. ಅವಳಿಗೂ ಅದೇ ಪೊರೆ, ಅದೇ ಭಯ. ಆಪರೇಶನ್ನಿನ ಹಿಂದಿನ ಸಂಜೆ ಇಬ್ಬರೂ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣದೆಯೇ ಮಕ್ಕಳು ಮೊಮ್ಮಕ್ಕಳ ಸಂಗತಿಯೆಲ್ಲ ಹೇಳಿಕೊಂಡರು. ಆಪರೇಶನ್ ಮುಗಿದ ಮರುದಿನ ಪಟ್ಟಿ ಬಿಚ್ಚಿದಾಗ ಏಕನಾಥಮ್ಮನಿಗೆ ಮೊದಲು ಕಂಡದ್ದು ಪ್ಯಾರಿ ಬೀಯ ಮೂಗುಬೊಟ್ಟು. ಆಮೇಲೆ ಅವಳ ನಗು. ಆಮೇಲೆ ಅವಳ ಹಿಂದಿನ ಕಿಟಕಿ, ಕಿಟಕಿಯಾಚೆ ದುರ್ಗದ ಬೆಟ್ಟ. ಬೆಟ್ಟ ಎಂದರೆ ಒಂದು ಕರಿಯ ಮುದ್ದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು. ಈಗ ನೋಡಿದರೆ ಬಂಡೆ ಬೇರೆ ಬೇರೆ, ಬಂಡೆಯ ಮೇಲೆ ಕಟ್ಟಿದ ಗೋಡೆ ಬೇರೆ, ಗೋಡೆಯ ಸಂದಿಯಲ್ಲಿ ಬೆಳೆದ ಗಿಡ ಬೇರೆ. ಆ ಗಿಡದ ಎಲೆ ಅಲುಗುವುದೂ ಕಾಣುತ್ತಿತ್ತು.

ಪ್ಯಾರಿ ಬೀ ಕೂಡ ಅತ್ತ ತಿರುಗಿ ನೋಡಿದಳು.

"ಹುಟ್ಟಿದಾಗಿಂದ ಈ ಕೋಟೆ ಕೆಳಗೇ ಇದೀನಿ ಅಕ್ಕಾ. ಮದ್ವೆ ಆದ್ಮೇಲೆ ಒಂದ್ ಸಾರಿನೂ ಹತ್ತಿಲ್ಲ."

"ನಾನು ಕುರಿ ಹಿಂದೆ ಸುತ್ತದ ಗುಡ್ಡ ಇಲ್ಲ," ಎಂದಳು ಏಕನಾಥಮ್ಮ. "ಒಂದನ್ನೂ ನೋಡಿಲ್ಲ ನೋಡು."

"ಹಂಗಾದ್ರೆ ಹೋಗಾಣ. ಈ ಕಣ್ಣು ಕೊಟ್ಟಿರಾದು ಬರೇ ಒಲೆ ನೋಡಾಕಲ್ಲ."

ಎರಡನೆಯ ಕಣ್ಣೂ ಮುಗಿದು, ಧೂಳು ಹೊಗೆಗೆ ಹೋಗಬಾರದೆಂದು ಡಾಕ್ಟರಮ್ಮ ಹೇಳಿದ್ದ ದಿನಗಳನ್ನು ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕಳೆದರು. ರೋಜಾ ನಂಬರ್ ಒತ್ತಿ ಫೋನು ಕೈಗೆ ಕೊಟ್ಟರೆ ಏಕನಾಥಮ್ಮ ಜಗಲಿಯಲ್ಲಿ ಕುಳಿತು ಏರುದನಿಯಲ್ಲಿ ಪ್ಲಾನು ಹಾಕುವಳು. ಓಣಿಗೆಲ್ಲ ಕೇಳುತ್ತಿತ್ತು. ಬಸ್ಸಿನ ಚಿಂತೆ ಇರಲಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ. ಉಳಿದದ್ದೇ ಕಷ್ಟ. ಶುಕ್ರವಾರ ಪ್ಯಾರಿ ಬೀಗೆ ಆಗದು. ಶನಿವಾರ ಏಕನಾಥಮ್ಮನ ಮನೆದೇವರ ವಾರ. ಶೇಂಗಾ ಕೀಳುವ ಕಾಲದಲ್ಲಿ ಮನೆ ಬಿಡುವಂತಿಲ್ಲ. ರಂಜಾನಿನಲ್ಲಿ ಕೇಳುವ ಹಾಗೇ ಇಲ್ಲ. ಹೋದ ಕಡೆ ನೆರಳು ಎಲ್ಲಿದೆ, ಕುಡಿಯುವ ನೀರು ಸಿಗುತ್ತದೋ ಇಲ್ಲವೋ, ಹೆಂಗಸರು ಹೋಗಿಬರಲು ಪಾಯಖಾನೆ ಇದೆಯೋ, ವಾಪಸು ಬರುವ ಬಸ್ಸು ಯಾವಾಗ. ಇದನ್ನೆಲ್ಲ ರೋಜಾ ಮೊಬೈಲಿನಲ್ಲಿ ಹುಡುಕಿ ಹೇಳುವಳು, ಅದರಲ್ಲಿ ಸಿಗದಿದ್ದರೆ ಕಂಡಕ್ಟರನ್ನು ಕೇಳುವುದು. ಮಂದೆ ಹೊರಡುವ ಮುಂಚೆ ಗಂಡ ಇಂಥದೇ ಲೆಕ್ಕ ಹಾಕುತ್ತಿದ್ದನಲ್ಲ ಎಂದು ಏಕನಾಥಮ್ಮನಿಗೆ ಅನ್ನಿಸಿ ನಗು ಬರುತ್ತಿತ್ತು.

ಮೊದಲ ಸಲ ಹತ್ತಿರದ ಚಂದ್ರವಳ್ಳಿಗೆ ಹೋದರು. ಸುತ್ತ ಬಂಡೆ, ನಡುವೆ ಕೆರೆ, ಕೆರೆಯ ದಂಡೆಯಲ್ಲಿ ಮರಗಳು. ಪ್ಯಾರಿ ಬೀ ಟವಲು ಹಾಸಿ ಕಾಲು ಚಾಚಿ ಕುಳಿತೇಬಿಟ್ಟಳು. ಏಕನಾಥಮ್ಮನಿಗೆ ಕೂರಲು ಬರಲಿಲ್ಲ. ಕೆಲಸವಿಲ್ಲದೆ ಬಯಲಿನಲ್ಲಿ ಕುಳಿತು ಅಭ್ಯಾಸವೇ ಇಲ್ಲ. ಅಲ್ಲಿ ಇಲ್ಲಿ ಬಿದ್ದ ಒಣಪುಳ್ಳೆ ಆರಿಸತೊಡಗಿದಳು. ಅರ್ಧ ಗಂಟೆಯಲ್ಲಿ ಒಂದು ಹೊರೆಯಾಯಿತು. ಸೆರಗಿನಲ್ಲಿ ಕಟ್ಟುವುದೋ ಬಳ್ಳಿ ಹುಡುಕುವುದೋ ಎಂದು ಯೋಚಿಸುತ್ತ ನಿಂತಾಗ ಪ್ಯಾರಿ ಬೀ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮನೆಯಲ್ಲಿ ಗ್ಯಾಸ್ ಒಲೆ ಇದೆಯಲ್ಲ, ಈ ಸೌದೆ ಯಾರಿಗೆ ಎಂದು ಕೇಳಿದಳು. ಏಕನಾಥಮ್ಮ ಹೊರೆಯನ್ನು ಅಲ್ಲೇ ಬಿಟ್ಟು ಬಂದು ಪಕ್ಕದಲ್ಲಿ ಕುಳಿತಳು. ಒಂದು ಮಿಂಚುಳ್ಳಿ ಕೊಂಬೆಯಿಂದ ನೀರಿಗೆ ಬಿದ್ದು ಮೀನು ಕಚ್ಚಿಕೊಂಡು ಮೇಲೆ ಹೋಯಿತು. ಅದರ ಬೆನ್ನಿನ ನೀಲಿ ಎಂಥದು ಎಂದು ಆವತ್ತು ಸಂಜೆ ಮನೆಯವರಿಗೆ ಹೇಳಲು ಹೋದಳು. ಆ ಬಣ್ಣಕ್ಕೆ ಹೋಲಿಸಲು ಮನೆಯಲ್ಲಿ ಒಂದು ಸೀರೆಯೂ ಸಿಗಲಿಲ್ಲ.

ಅಲ್ಲಿಂದ ರೂಢಿಯಾಯಿತು. ಹೊಸದುರ್ಗದ ಕಡೆಯ ಗಾಳಿಯಂತ್ರದ ಗುಡ್ಡಗಳಿಗೆ ಹೋದಾಗ ಏಕನಾಥಮ್ಮನ ಓಣಿಯ ಕೆಂಚಕ್ಕನೂ ಪಾರ್ವತಮ್ಮನೂ ಜೊತೆಯಾದರು. ಒಮ್ಮೆ ಮಳೆಗೆ ಸಿಕ್ಕಿ ಒಂದು ತೋಟದ ಮನೆಯ ಜಗಲಿಯಲ್ಲಿ ನಿಂತರು. ಗುರುತು ಪರಿಚಯವಿಲ್ಲದ ಆ ಮನೆಯವರು ಬಿಸಿ ಮಂಡಕ್ಕಿ ಒಗ್ಗರಣೆ ಕೊಟ್ಟರು. ಇನ್ನೊಮ್ಮೆ ಹೊಳಲ್ಕೆರೆಯಲ್ಲಿ ಬಸ್ಸು ತಪ್ಪಿದಾಗ ಕಂಡಕ್ಟರೊಬ್ಬ ತನ್ನ ಬಸ್ಸನ್ನು ಬಿಟ್ಟು ಇಳಿದು ಬಂದು ಬೇರೆ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟು ಹೋದ. ನೋಡಿದ ಜಾಗಗಳಿಗಿಂತ ಇಂಥ ಮಂದಿಯೇ ಏಕನಾಥಮ್ಮನಿಗೆ ಹೆಚ್ಚು ನೆನಪು. ಮಲಗುವ ಮುಂಚೆ ಒಬ್ಬೊಬ್ಬರನ್ನೇ ನೆನೆದು ಅವರ ಮನೆ ತಣ್ಣಗಿರಲಿ ಎನ್ನುವಳು.

ಇದೆಲ್ಲ ಕರಿಸಿದ್ದಪ್ಪನಿಗೆ ಮಾತ್ರ ಸೇರಲಿಲ್ಲ. ಗುಡ್ಡ ನೋಡಲು ಬಸ್ಸಿನಲ್ಲಿ ಹೋಗುತ್ತಾರೇನು, ನಾನು ತೋರಿಸದ ಗುಡ್ಡವೇ ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದ. ಬರಬರುತ್ತ ಸಿಡುಕತೊಡಗಿದ. ಏಕನಾಥಮ್ಮ ಹೋದಲ್ಲಿ ಕಂಡದ್ದನ್ನು ಹೇಳಲು ಶುರುಮಾಡಿದರೆ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿ ಕೂಡುವ ರೊಪ್ಪದ ಕಡೆ ಎದ್ದು ಹೋಗುವನು. ದೊಡ್ಡ ಮಂದೆ ಹೋಯಿತೆಂಬ ಬೇಸರ ಇರಬೇಕು, ಹಳೆಯ ದಾರಿಗಳ ಹೆಸರು ಕೇಳಿದರೆ ಸಂಕಟವಾಗುತ್ತದೆ ಎಂದು ಅವಳು ಅಂದುಕೊಂಡಳು. ಒಮ್ಮೆ ಜೊತೆಯಲ್ಲಿ ಕರೆದುಕೊಂಡು ಹೋದರೆ ಮನಸ್ಸು ಹಗುರಾದೀತು ಎಂದು ಚಿತ್ರದುರ್ಗದ ಪಕ್ಕದ ಕಾಡುಗುಡ್ಡ ಜೋಗಿಮಟ್ಟಿಗೆ ಪ್ಲಾನು ಹಾಕಿದಳು. ಅಲ್ಲಿಗೆ ಬಸ್ಸಿಲ್ಲ. ಪ್ಯಾರಿ ಬೀಯ ಮಗ ಮುಝಫರ್ ಶಾಲೆಯ ಮಕ್ಕಳನ್ನು ಓಮ್ನಿಯಲ್ಲಿ ಬಿಡುವವನು. ಭಾನುವಾರ ಬಿಡುವಿದೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಬರುವುದಿಲ್ಲವೆಂದು ಹಟ ಹಿಡಿದ ಗಂಡನಿಗೆ ಏಕನಾಥಮ್ಮ ಹೆಚ್ಚೇನೂ ಹೇಳಲಿಲ್ಲ. ಮಳೆ ಚೆನ್ನಾಗಿ ಆಗಿದೆಯಂತೆ, ಮೇಲೆ ಹುಲ್ಲು ಎದೆಮಟ್ಟ ಬೆಳೆದಿದೆಯಂತೆ ಎಂದಳು ಅಷ್ಟೇ. ಕುರಿಗಾರನಿಗೆ ಅಷ್ಟು ಸಾಕಾಯಿತು.

ಗೇಟಿನಲ್ಲಿ ಬಾಲರಾಜು ಎಂಬ ಗಾರ್ಡ್ ಹೆಸರು ಬರೆಸಿಕೊಂಡು, ದಾರಿ ಬಿಟ್ಟು ಒಳಗೆ ಹೋಗಬೇಡಿ, ಕರಡಿ ಚಿರತೆ ಇರುವ ಕಾಡು, ಪ್ಲಾಸ್ಟಿಕ್ ಎಸೆಯಬೇಡಿ ಎಂದು ಹೇಳಿ ಬಿಟ್ಟ. ಓಮ್ನಿ ಏದುಸಿರು ಬಿಡುತ್ತ ತಿರುವುಗಳನ್ನು ಹತ್ತಿತು. ಮೇಲೆ ಇಳಿದ ಕೂಡಲೇ ಗಾಳಿ ಸೆರಗು ಕಿತ್ತುಕೊಂಡು ಹೋಗುವ ಹಾಗೆ ಬೀಸಿತು. ಕರಿಸಿದ್ದಪ್ಪ ಹುಲ್ಲನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡಿ ತಲೆಯಾಡಿಸಿದ. ಬಹಳ ದಿನದ ಮೇಲೆ ಅವನ ಮುಖದಲ್ಲಿ ಗೆಲುವು ಕಂಡಿತು. ಪ್ಯಾರಿ ಬೀ ಮರದ ಮರೆಯಲ್ಲಿ ಟವಲು ಹಾಸಿ ಮಧ್ಯಾಹ್ನದ ನಮಾಜಿಗೆ ನಿಂತಳು. ಮುಝಫರ್ ಗಾಡಿಗೆ ನೀರು ಹಾಕುತ್ತಿದ್ದ. ಏಕನಾಥಮ್ಮ ಗಂಡನನ್ನು ಗುಡ್ಡದ ಅಂಚಿನ ಕಟ್ಟೆಯ ಬಳಿಗೆ ಕರೆತಂದಳು.

ಸಾಲು ಸಾಲು ಗುಡ್ಡ. ಹಸಿರು, ಅದರ ಹಿಂದೆ ಇನ್ನೊಂದು ಬಗೆಯ ಹಸಿರು, ಅದರ ಹಿಂದೆ ಹೊಗೆಯ ಬಣ್ಣ. ನೆತ್ತಿಗಳ ಮೇಲೆ ಬಿಳಿಯ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಎಡಗಡೆಯ ದಿಬ್ಬದ ಕೆಳಗೆ, ಕಾಡಿನ ಬೇಲಿಯಾಚೆಯ ಬೀಳಿನಲ್ಲಿ, ಯಾರದೋ ಕುರಿಮಂದೆ ಚೆಲ್ಲಿದ ಮಂಡಕ್ಕಿಯಂತೆ ಹರಡಿತ್ತು.

"ಅಗಳ್ರಿ, ಎಡಕ್ಕೆ ನೋಡ್ರಿ. ಯಾರದೋ ಮಂದೆ ಐತೆ," ಎಂದಳು.

ಕರಿಸಿದ್ದಪ್ಪ ಎಡಕ್ಕೆ ತಿರುಗಿದ. ಹುಬ್ಬಿಗೆ ಕೈ ಅಡ್ಡ ಹಿಡಿದ.

"ನೋಡ್ದೆ ನೋಡ್ದೆ. ಒಳ್ಳೆ ಮಂದೆ," ಎಂದ.

ಅವನು ನೋಡುತ್ತಿದ್ದದ್ದು ಬರಿಯ ಬಂಡೆಯನ್ನು. ಮಂದೆ ಅದಕ್ಕಿಂತ ಬಹಳ ಕೆಳಗಿತ್ತು.

ಆ "ನೋಡ್ದೆ ನೋಡ್ದೆ" ಏಕನಾಥಮ್ಮನಿಗೆ ಚೆನ್ನಾಗಿ ಗೊತ್ತು. ಮೊಮ್ಮಗಳ ಚಿತ್ರಕ್ಕೆ, ನೆಂಟರ ಮದುವೆಯ ಫೋಟೋಗೆ, ಸೊಸೆ ತಂದ ಸೀರೆಯ ಅಂಚಿಗೆ ಅವಳು ವರ್ಷಗಟ್ಟಲೆ ಹೇಳಿದ ಮಾತು ಅದೇ. ಈಚೆಗೆ ಅವನು ನಾಯಿಯನ್ನು ಮುಂದೆ ಬಿಟ್ಟು ಹಿಂದೆ ನಡೆಯುತ್ತಿದ್ದದ್ದು, ಒಂದೊಂದು ಕುರಿಯ ಕಿವಿ ಮುಟ್ಟಿ ರೊಪ್ಪಕ್ಕೆ ಬಿಡುತ್ತಿದ್ದದ್ದು, ಹೊಸ್ತಿಲು ಎಡವಿದಾಗ ಯಾರು ಇಲ್ಲಿ ಚಪ್ಪಲಿ ಬಿಟ್ಟವರು ಎಂದು ರೇಗುತ್ತಿದ್ದದ್ದು, ಎಲ್ಲವೂ ಒಟ್ಟಿಗೆ ನೆನಪಿಗೆ ಬಂತು. ತನಗೆ ಹೊಸ ಕಣ್ಣು ಬಂದ ಸಡಗರದಲ್ಲಿ ಪಕ್ಕದಲ್ಲೇ ಇದ್ದವನ ಕಣ್ಣು ನೋಡಲಿಲ್ಲವಲ್ಲ ಎಂದು ಸಂಕಟವಾಯಿತು.

ಕಟ್ಟೆಯ ಮೇಲೆ ಅವನನ್ನು ಕೂರಿಸಿ ತಾನೂ ಪಕ್ಕದಲ್ಲಿ ಕುಳಿತಳು. ಗಾಳಿ ಒಂದಿಷ್ಟು ಇಳಿದ ಮೇಲೆ ಮೆಲ್ಲಗೆ ಕೇಳಿದಳು.

"ಎಷ್ಟು ದಿನದಿಂದ ಹಿಂಗೆ?"

ಅವನು ಕಂಬಳಿಯನ್ನು ಹೆಗಲ ಮೇಲೆ ಎಳೆದುಕೊಂಡ.

"ಕುರಿ ಗೊತ್ತಾಗ್ತವೆ ಕಣೇ. ಸದ್ದು ಐತಲ್ಲ ಅವಕ್ಕೆ," ಎಂದ. "ಗುಡ್ಡಕ್ಕೆ ಸದ್ದಿಲ್ಲ. ನೀನು ಬಂದು ಅದು ಕಂಡೆ ಇದು ಕಂಡೆ ಅಂದ್ರೆ ನಾನೇನು ಹೇಳ್ಲಿ."

ಅವನ ಭಯಕ್ಕೆ ಕಾರಣವಿತ್ತು. ಅವನ ದೊಡ್ಡಪ್ಪನೊಬ್ಬ ಯಾರೋ ಸಂತೆಯಲ್ಲಿ ಕಣ್ಣಿಗೆ ಹಿಂಡಿದ ಔಷಧಿಯಿಂದ ಇದ್ದ ಬೆಳಕನ್ನೂ ಕಳೆದುಕೊಂಡು ಸಾಯುವವರೆಗೆ ಮೂಲೆಯಲ್ಲಿ ಕುಳಿತಿದ್ದ. ಹೆಂಡತಿಗೆ ಸರಿಹೋದದ್ದು ಅವಳ ಪುಣ್ಯ, ನನ್ನ ಕಣ್ಣು ಹೋದರೆ ಕುರಿಯ ಗತಿಯೇನು ಎಂದು ಹೆದರಿ ಅವನು ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ನಮಾಜು ಮುಗಿಸಿ ಬಂದ ಪ್ಯಾರಿ ಬೀ ಅವನ ಕೊನೆಯ ಮಾತು ಕೇಳಿಯೇ ಸಂಗತಿ ಅರ್ಥಮಾಡಿಕೊಂಡಳು. ಪಕ್ಕದಲ್ಲಿ ಕುಳಿತು, ಆಪರೇಶನ್ನಿನ ಹಿಂದಿನ ರಾತ್ರಿ ತಾನು ಮಂಚದಿಂದ ಇಳಿದು ಓಡಿಹೋಗಲು ನೋಡಿದ್ದನ್ನೂ, ಬಾಗಿಲು ಎಲ್ಲಿದೆ ಎಂದು ಕಾಣದೆ ಏಕನಾಥಮ್ಮನ ಮಂಚಕ್ಕೇ ಡಿಕ್ಕಿ ಹೊಡೆದದ್ದನ್ನೂ ಹೇಳಿದಳು. ಕರಿಸಿದ್ದಪ್ಪನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ. ಇಳಿಯುವಾಗ ಗೇಟಿನಲ್ಲಿ ಬಾಲರಾಜು, ಎಲ್ಲ ನೋಡಿದಿರಾ ಯಜಮಾನ್ರೇ ಎಂದು ಕೇಳಿದ. ಇನ್ನೊಂದು ಸಾರಿ ಬರುತ್ತೇನೆ, ಆಗ ನೋಡುತ್ತೇನೆ ಎಂದ ಕರಿಸಿದ್ದಪ್ಪ.

ಶೇಂಗಾ ಒಕ್ಕಣೆ ಮುಗಿದ ಮೇಲೆ ಆಪರೇಶನ್ ಆಯಿತು. ಕುರಿಗಳನ್ನು ಅಷ್ಟು ದಿನ ಮಾರುತೇಶನೇ ಗೊಣಗದೆ ಮೇಯಿಸಿದ. ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ಪಟ್ಟಿ ಬಿಚ್ಚಿದ ದಿನ ಕರಿಸಿದ್ದಪ್ಪ ಕಣ್ಣು ಪಿಳಿಪಿಳಿ ಬಿಟ್ಟು ಗೋಡೆ ನೋಡಿದ, ಫ್ಯಾನು ನೋಡಿದ, ಎದುರಿಗೆ ನಿಂತ ಹೆಂಡತಿಯನ್ನು ನೋಡಿದ.

"ಏನೇ, ಇಷ್ಟು ಮುದುಕಿ ಆಗಿದೀಯಾ?"

ವಾರ್ಡಿನವರೆಲ್ಲ ನಕ್ಕರು. ಡಾಕ್ಟರಮ್ಮನೂ ನಕ್ಕರು. ಏಕನಾಥಮ್ಮ ನಗುವುದನ್ನು ಬಿಟ್ಟು ಆಕೆಯ ಕಾಲು ಮುಟ್ಟಲು ಬಗ್ಗಿದಳು. ಆಕೆ ಗಾಬರಿಯಾಗಿ ಹಿಂದೆ ಸರಿದು, ಹಿರಿಯರು ನೀವು ಹಾಗೆಲ್ಲ ಮಾಡಬಾರದು ಎಂದು ಅವಳ ಎರಡೂ ಕೈ ಹಿಡಿದುಕೊಂಡರು.

ಎರಡು ಕಣ್ಣೂ ಗುಣವಾಗಿ ಸಂಕ್ರಾಂತಿ ಹತ್ತಿರ ಬರುವ ಹೊತ್ತಿಗೆ ಮಾರಿಕಣಿವೆ ಕೋಡಿ ಬಿದ್ದ ಸುದ್ದಿ ಬಂತು. ಕಟ್ಟೆ ತುಂಬಿ ಹೊರಗೆ ಹರಿಯುವುದನ್ನು ನೋಡುವ ಭಾಗ್ಯ ಎಲ್ಲ ತಲೆಮಾರಿಗೂ ಸಿಗುವುದಲ್ಲ. ಈ ಸಲ ಹೋಗೋಣವೆಂದು ಮೊದಲು ಹೇಳಿದವನೇ ಕರಿಸಿದ್ದಪ್ಪ. ಹಬ್ಬದ ಗದ್ದಲದಲ್ಲಿ ಬೇಡ, ಜನ ಕಡಿಮೆಯಾದ ಮೇಲೆ ವಾರದ ನಡುವೆ ಹೋಗೋಣವೆಂದು ಏಕನಾಥಮ್ಮ ದಿನ ಗೊತ್ತುಮಾಡಿದಳು. ಚಿತ್ರದುರ್ಗದಲ್ಲಿ ಪ್ಯಾರಿ ಬೀ ಹತ್ತಿಕೊಂಡಳು. ಬಸ್ಸಿನ ತುಂಬ ಹೆಂಗಸರು; ದುಡ್ಡು ಕೊಟ್ಟು ಟಿಕೆಟ್ ತೆಗೆದವರಲ್ಲಿ ಕರಿಸಿದ್ದಪ್ಪನೂ ಒಬ್ಬ. ನಮ್ಮನ್ನು ಕರೆದುಕೊಂಡು ಹೋಗುತ್ತಿರುವವರು ನೀವೇ ಎಂದು ಕಂಡಕ್ಟರಿಗೆ ಅನ್ನಿಸಿರಬೇಕು ಎಂದು ಪ್ಯಾರಿ ಬೀ ಛೇಡಿಸಿದಳು. ಅವನು ಮೀಸೆ ತಿರುವಿಕೊಂಡು ಕಿಟಕಿಯಾಚೆ ನೋಡುತ್ತ ಕುಳಿತ. ಹಿರಿಯೂರು ಬರುವವರೆಗೆ ಅವನು ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಎರಡು ಗುಡ್ಡಗಳ ನಡುವೆ ಕಲ್ಲಿನ ಕಟ್ಟೆ, ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ನೀರು. ಕೋಡಿಯ ಕಡೆಯಿಂದ ನೀರಿನ ಮೊರೆತ ಕೇಳುತ್ತಿತ್ತು. ಜನ ನಿಲ್ಲಲು ಬಿಟ್ಟಿದ್ದ ಕಡೆ ಮೂವರೂ ನಿಂತರು. ಕರಿಸಿದ್ದಪ್ಪ ನೀರಿನಾಚೆ ದೂರಕ್ಕೆ ಕೈಚಾಚಿ, ಆ ಕಡೆಯೇ ಅಲ್ಲವೇ ನಾವು ಬೇಸಿಗೆಯಲ್ಲಿ ಕುರಿ ನಿಲ್ಲಿಸುತ್ತಿದ್ದದ್ದು ಎಂದು ಹೆಂಡತಿಯನ್ನು ಕೇಳಿದ. ಅದೇ ದಿಕ್ಕು. ಅಂದು ಬಿರುಕು ಬಿಟ್ಟ ಕೆಸರಿನ ಮೇಲೆ ಮಂದೆ ನಡೆಸಿಕೊಂಡು ಹೋಗಿ ನೀರು ಮುಟ್ಟಿಸಬೇಕಿತ್ತು. ಇಂದು ಆ ಜಾಗ ನೀರಿನ ಅಡಿಯಲ್ಲಿ ಎಲ್ಲಿಯೋ ತಣ್ಣಗೆ ಮಲಗಿತ್ತು.

"ಇಷ್ಟು ಚೆಂದ ಐತೆ ಅಂತ ಗೊತ್ತೇ ಇರ್ಲಿಲ್ಲ," ಎಂದ ಕರಿಸಿದ್ದಪ್ಪ. ಹೆಂಡತಿಯ ಕಡೆ ತಿರುಗಿ, "ನೀನು ಆವತ್ತು ಬಸ್ಸು ಹತ್ತಿದ್ದು ಒಳ್ಳೇದಾತು," ಎಂದ.

ಮದುವೆಯಾದಾಗಿನಿಂದ ಅವನ ಬಾಯಲ್ಲಿ ಇಂಥ ಮಾತು ಅವಳು ಕೇಳಿರಲಿಲ್ಲ. ಅವನ ಕಂಬಳಿ ಸರಿಮಾಡಿದಳು. ಕೈ ಮುಗಿಯಬೇಕು ಅನ್ನಿಸಿತು. ಯಾರಿಗೆಂದು ಯೋಚಿಸಿದರೆ ಕಣಿವೆಯ ಮಾರಮ್ಮ ನೆನಪಾದಳು, ಕಲ್ಲು ಸಿಕ್ಕರೂ ಮಾತಾಡದ ರೋಜಾ, ಡಾಕ್ಟರಮ್ಮ, ಮಂಡಕ್ಕಿ ಕೊಟ್ಟ ಮನೆಯವರು, ಈ ಕಟ್ಟೆಗೆ ಕಲ್ಲು ಹೊತ್ತ ಯಾರು ಯಾರೋ. ಅಷ್ಟು ಜನಕ್ಕೂ ಸೇರಲಿ ಎಂದು ನೀರಿನ ಕಡೆ ತಿರುಗಿ ಒಂದೇ ಸಲ ಮುಗಿದಳು. ಪಕ್ಕದಲ್ಲಿ ಪ್ಯಾರಿ ಬೀಯೂ ಎರಡು ಅಂಗೈ ತೆರೆದು ಹಿಡಿದು ತುಟಿ ಅಲುಗಿಸುತ್ತಿದ್ದಳು.

ಆಮೇಲೆ ಮೂವರೂ ಒಂದು ಹೊಂಗೆಮರದ ನೆರಳು ನೋಡಿಕೊಂಡು ಕುಳಿತರು. ಪ್ಯಾರಿ ಬೀ ಡಬ್ಬಿ ಬಿಚ್ಚಿ ನಿಂಬೆಹಣ್ಣಿನ ಚಿತ್ರಾನ್ನ ಬಡಿಸಿದಳು, ಏಕನಾಥಮ್ಮ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟಳು. ಕರಿಸಿದ್ದಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡೇ ನೀರಿನ ಮೇಲೆ ಸಾಲಾಗಿ ಇಳಿಯುತ್ತಿದ್ದ ಕೊಕ್ಕರೆಗಳನ್ನು ನೋಡುತ್ತ ಕುಳಿತಿದ್ದ. ಮೊದಲು ಉಣ್ಣಿ, ಅವು ಎಲ್ಲಿಗೂ ಹೋಗುವುದಿಲ್ಲ ಎಂದು ಹೆಂಗಸರಿಬ್ಬರೂ ಹೇಳಬೇಕಾಯಿತು.